ಎಂ42 ನೀಹಾರಿಕೆಯ ಚಿತ್ರದಲ್ಲಿ ಬಣ್ಣವನ್ನು ಯಾವ ಹಂತದಲ್ಲಿ ಸರಿಪಡಿಸಬೇಕು?

ಪ್ರಶ್ನೆ

ಮಾರ್ಪಾಡು ಮಾಡಿಸದ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ತೆಗೆದ ಎಂ42 (ಒರಾಯನ್) ನೀಹಾರಿಕೆಯ ಚಿತ್ರಗಳನ್ನು ಸಿರಿಲ್ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿದ್ದೇನೆ, ಅಂದರೆ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರವಾಗಿಸಿದ್ದೇನೆ. ಫಲಿತಾಂಶ ಇಡಿಯಾಗಿ ಹಸಿರಾಗಿದೆ. ಹಸಿರನ್ನು ತೆಗೆದು ಸ್ಟ್ರೆಚ್ ಮಾಡಿದರೆ (ಮಸುಕಾದ ಭಾಗಗಳು ಕಾಣುವಂತೆ ಹೊಳಪನ್ನು ಹಿಗ್ಗಿಸಿದರೆ) ನಡುಭಾಗವೂ ನಕ್ಷತ್ರಗಳೂ ಬೆಳ್ಳಗಾಗುತ್ತವೆ. ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ನೀಹಾರಿಕೆಗಿಂತ ಮೊದಲು ಹಿನ್ನೆಲೆಯ ಕೆಂಪು, ನೀಲಿ ಚುಕ್ಕೆಗಳೇ ಎದ್ದು ಕಾಣುತ್ತವೆ. ಈ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿದವರು ದಯವಿಟ್ಟು ವಿವರಿಸುವಿರಾ?

ಉತ್ತರ 1

ಸೆನ್ಸರಿನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಾಗಿರುವುದೇ ಈ ಹಸಿರಿಗೆ ಕಾರಣವೆಂದು ಹಲವರು ಹೇಳುವುದುಂಟು, ಆದರೆ ಅದು ಸರಿಯಲ್ಲ. ಸೆನ್ಸರ್ ಹಸಿರು ಬೆಳಕಿಗೆ ಹೆಚ್ಚು ಸಂವೇದಿಯಾಗಿರುತ್ತದೆ, ಕಚ್ಚಾ ಕಡತಕ್ಕೆ ವೈಟ್ ಬ್ಯಾಲೆನ್ಸ್ (ಬಿಳಿಯದು ಬಿಳಿಯಾಗಿಯೇ ಕಾಣುವಂತೆ ಬಣ್ಣಗಳನ್ನು ಸರಿದೂಗಿಸುವುದು) ಇನ್ನೂ ಅನ್ವಯವಾಗಿರುವುದಿಲ್ಲ, ಅಷ್ಟೇ. ಆದ್ದರಿಂದ ಹಸಿರನ್ನು ಕಂಡೊಡನೆ ತೆಗೆಯಲು ಹೋಗಬೇಡಿ.

ಚಿತ್ರ ಇನ್ನೂ ಲೀನಿಯರ್ ಸ್ಥಿತಿಯಲ್ಲಿರುವಾಗಲೇ, ಅಂದರೆ ಸ್ಟ್ರೆಚ್ ಮಾಡುವ ಮುನ್ನವೇ, ಬಣ್ಣ ಇತ್ಯರ್ಥವಾಗಬೇಕು. ಮೊದಲು ಹಿನ್ನೆಲೆಯ ಗ್ರೇಡಿಯೆಂಟನ್ನು, ಅಂದರೆ ಊರಿನ ದೀಪಗಳಿಂದ ಆಕಾಶದಲ್ಲಿ ಏರುಪೇರಾಗಿ ಹರಡಿದ ಹೊಳಪನ್ನು, ತೆಗೆಯಿರಿ. ದೀಪಗಳ ಬೆಳಕು ನೀಹಾರಿಕೆಯ ಬೆಳಕಿನ ಮೇಲೆ ಕೂಡಿಕೊಂಡಿರುತ್ತದೆ, ಬಣ್ಣದ ಹೊಂದಾಣಿಕೆಯಾದರೋ ಪ್ರತಿ ಚಾನೆಲ್ಲನ್ನು (ಕೆಂಪು, ಹಸಿರು, ನೀಲಿ) ಒಂದು ಸಂಖ್ಯೆಯಿಂದ ಗುಣಿಸುವ ಕ್ರಿಯೆ. ಕೂಡಿದ್ದನ್ನು ಕಳೆಯದೆ ಗುಣಿಸಿದರೆ ದೋಷವೂ ಗುಣಿಸಲ್ಪಡುತ್ತದೆ. ಆಮೇಲೆ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ ನಡೆಸಿರಿ. ಅದು ನಿಮ್ಮ ಚಿತ್ರದ ನಕ್ಷತ್ರಗಳನ್ನು ಗಯಾದಂಥ ನಕ್ಷತ್ರಪಟ್ಟಿಯಲ್ಲಿರುವ ಬಣ್ಣಗಳೊಂದಿಗೆ ಹೋಲಿಸುವುದರಿಂದ ನಿಮ್ಮ ಮಾನಿಟರನ್ನಾಗಲಿ ಕಣ್ಣನ್ನಾಗಲಿ ನಂಬಬೇಕಾಗಿಲ್ಲ.

ಸ್ಟ್ರೆಚ್‌ಗೆ ಆರ್ಕ್‌ಸೈನ್‌ಎಚ್ ವಿಧಾನ ಬಳಸಿದರೆ ಕೆಂಪು, ಹಸಿರು, ನೀಲಿಗಳ ಪರಸ್ಪರ ಅನುಪಾತ ಉಳಿಯುತ್ತದೆ, ನಕ್ಷತ್ರಗಳು ಬಿಳಿಚಿಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ಎಂ42ರ ನಡುವಿನ ಟ್ರಪೀಜಿಯಂ ನಕ್ಷತ್ರಗುಚ್ಛದ ಸುತ್ತ ಮೂರೂ ಚಾನೆಲ್‌ಗಳು ಗರಿಷ್ಠ ಮಟ್ಟ ಮುಟ್ಟಿ ತುಂಬಿಹೋಗಿದ್ದರೆ ಅಲ್ಲಿನ ಬಣ್ಣವನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಅದಕ್ಕೆಂದೇ ಕೆಲವು ಸೆಕೆಂಡುಗಳ ಚಿತ್ರಗಳನ್ನು ಪ್ರತ್ಯೇಕವಾಗಿ ತೆಗೆದು ಸೇರಿಸಬೇಕು.

ಉತ್ತರ 2

ಮೇಲಿನ ಕ್ರಮವನ್ನು ಒಪ್ಪುತ್ತೇನೆ. ಒಂದು ಮಾತು ಸೇರಿಸಬೇಕು: ಕ್ಯಾಲಿಬ್ರೇಷನ್ ಆದ ಮೇಲೂ ಎಂ42ರ ನಡುಭಾಗದಲ್ಲಿ ಉಳಿಯುವ ಹಸಿರುನೀಲಿ ದೋಷವಲ್ಲ. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 500.7 ನ್ಯಾನೋಮೀಟರಿನಲ್ಲಿ ಸೂಸುವ ಬೆಳಕು. ಹಸಿರು ತೆಗೆಯುವ ಸಾಧನವನ್ನು ಪೂರ್ಣ ಬಲದಲ್ಲಿ ಓಡಿಸಿದರೆ ಅದು ಹಸಿರನ್ನು ಕೆಂಪು ಮತ್ತು ನೀಲಿಯ ಸರಾಸರಿಗೆ ಇಳಿಸಿಬಿಡುತ್ತದೆ, ಆಮ್ಲಜನಕದ ಭಾಗವೆಲ್ಲ ಬರೀ ನೀಲಿಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಂ42ಕ್ಕೆ ಆ ಸಾಧನ ಬೇಕೇ ಇಲ್ಲ.

ಕೆಂಪು ಕಡಿಮೆ ಕಂಡರೂ ಗಾಬರಿಯಾಗಬೇಡಿ. ಹೈಡ್ರೋಜನ್ ಆಲ್ಫಾ ಬೆಳಕು 656.3 ನ್ಯಾನೋಮೀಟರಿನಲ್ಲಿದೆ, ನಿಮ್ಮ ಕ್ಯಾಮೆರಾದೊಳಗಿನ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಇನ್ನು ಚುಕ್ಕೆಗಳ ವಿಷಯ: ಸ್ಯಾಚುರೇಷನ್ನನ್ನು ಇಡೀ ಚಿತ್ರಕ್ಕೆ ಏರಿಸದೆ, ಹೊಳಪಿನ ಮಾಸ್ಕ್ (ಹೊಳೆಯುವ ಭಾಗವನ್ನಷ್ಟೇ ಆಯ್ದುಕೊಳ್ಳುವ ಮುಸುಕು) ಹಾಕಿ ನೀಹಾರಿಕೆಗಷ್ಟೇ ಏರಿಸಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೈಡ್ರೋಜನ್ ಮತ್ತು ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೂ ಇದೇ ಕ್ರಮ ಅನ್ವಯವಾಗುತ್ತದೆಯೇ?

ಉತ್ತರ 3

ಹಿನ್ನೆಲೆ ಮೊದಲು ಎಂಬುದು ಹಾಗೆಯೇ ಉಳಿಯುತ್ತದೆ, ನಕ್ಷತ್ರಗಳ ಆಧಾರದ ಕ್ಯಾಲಿಬ್ರೇಷನ್ ಮಾತ್ರ ಅರ್ಥ ಕಳೆದುಕೊಳ್ಳುತ್ತದೆ. ಫಿಲ್ಟರ್ ನಕ್ಷತ್ರದ ಬೆಳಕಿನ ಎರಡು ತೆಳುವಾದ ಪಟ್ಟಿಗಳನ್ನಷ್ಟೇ ಬಿಟ್ಟಿರುತ್ತದೆ. ಹೈಡ್ರೋಜನ್ನನ್ನು ಕೆಂಪಿಗೂ ಆಮ್ಲಜನಕವನ್ನು ಹಸಿರು, ನೀಲಿ ಎರಡಕ್ಕೂ ಹಂಚಿದರೆ ಸಹಜಕ್ಕೆ ಹತ್ತಿರವಾದ ಚಿತ್ರ ದೊರೆಯುತ್ತದೆ. ಹಬಲ್ ದೂರದರ್ಶಕದ 1995ರ ಪ್ರಸಿದ್ಧ ಎಂ16 (ಈಗಲ್) ನೀಹಾರಿಕೆಯ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದರು; ಗಂಧಕವೂ ಹೈಡ್ರೋಜನ್ನೂ ವಾಸ್ತವದಲ್ಲಿ ಕೆಂಪೇ ಆದ್ದರಿಂದ ಅವೆರಡನ್ನು ಬೇರ್ಪಡಿಸಿ ತೋರಿಸಲು ಅದೊಂದು ಉಪಾಯ. ನೀವೂ ಹಾಗೆ ಹಂಚುವುದಾದರೆ ಯಾವ ಚಾನೆಲ್ಲಿಗೆ ಏನನ್ನು ಕೊಟ್ಟಿರೆಂಬುದನ್ನು ಚಿತ್ರದ ಕೆಳಗೆ ಬರೆದುಬಿಡಿ.