ಮನೆ ಬಿಟ್ಟು ಹೊರಡುವಾಗ ನಾಯಿಯ ವಿಮೆಯನ್ನು ಏನು ಮಾಡಬೇಕು?

ಪ್ರಶ್ನೆ:
ಗಂಡನ ಹೊಡೆತ ತಾಳಲಾರದೆ ನನ್ನ ತಂಗಿ ಮನೆ ಬಿಡಲು ನಿರ್ಧರಿಸಿದ್ದಾಳೆ. ಇಷ್ಟು ದಿನ ಅವಳನ್ನು ಅಲ್ಲಿ ಹಿಡಿದಿಟ್ಟದ್ದು ಅವಳ ನಾಯಿ. ಬಾಗಿಲಲ್ಲಿ ಬೀಗದ ಕೈ ಸದ್ದಾದರೆ ಸಾಕು, ಅದು ಮಂಚದಡಿ ಸೇರಿಕೊಂಡು ಅವನು ಮಲಗುವವರೆಗೂ ಹೊರಬರುವುದಿಲ್ಲ. ಕಳೆದ ತಿಂಗಳು ಅವನು ಒದ್ದ ಏಟಿಗೆ ಅದರ ಪಕ್ಕೆಲುಬು ಮುರಿಯಿತು. ವಿಮೆ ಇರುವುದು ಅವನ ಹೆಸರಿನಲ್ಲಿ, ಕಂತು ಹೋಗುವುದು ತಂಗಿಯ ಖಾತೆಯಿಂದ. ಈ ಚಿಕಿತ್ಸೆಗೆ ಪರಿಹಾರ ಸಿಗುತ್ತದೆಯೇ, ಹೊರಬಂದ ಮೇಲೆ ಅದೇ ವಿಮೆಯನ್ನು ಉಳಿಸಿಕೊಳ್ಳಬಹುದೇ ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದವನಾಗಿ ಹೇಳುತ್ತಿದ್ದೇನೆ. ಪಾಲಿಸಿದಾರನೋ ಅವನ ಮನೆಯವರೋ ಬೇಕೆಂದೇ ಮಾಡಿದ ಗಾಯಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗೆಂದು ‘ಮೆಟ್ಟಿಲಿನಿಂದ ಬಿತ್ತು’ ಎಂದು ಬರೆಯಬೇಡಿ. ಸುಳ್ಳು ಗೊತ್ತಾದರೆ ಪಾಲಿಸಿ ರದ್ದಾಗಬಹುದು, ಅದಕ್ಕಿಂತ ಹೆಚ್ಚಾಗಿ, ನಾಳೆ ನ್ಯಾಯಾಲಯದಲ್ಲಿ ಅವಳ ಪರವಾಗಿ ನಿಲ್ಲಬೇಕಾದ ದಾಖಲೆಯೇ ಅವಳಿಗೆ ತಿರುಗಿಬೀಳುತ್ತದೆ. ಪಶುವೈದ್ಯರಿಗೆ ನಡೆದದ್ದನ್ನು ಹೇಳಿ, ಎಕ್ಸ್-ರೇ ಮತ್ತು ರಸೀದಿಗಳನ್ನು ಅವಳ ಹೆಸರಿನಲ್ಲೇ ಪಡೆಯಿರಿ. ಪಾಲಿಸಿಯ ಹೆಸರು ಬದಲಿಸಲು ಸಾಮಾನ್ಯವಾಗಿ ಅವನ ಒಪ್ಪಿಗೆಯೇ ಬೇಕು, ಆದ್ದರಿಂದ ಅವಳ ಹೆಸರಿನಲ್ಲಿ ಹೊಸದನ್ನು ಮಾಡಿಸುವುದೇ ಲೇಸು. ಮುರಿದ ಪಕ್ಕೆಲುಬು ಅದರಲ್ಲಿ ‘ಮೊದಲೇ ಇದ್ದ ತೊಂದರೆ’ ಎನಿಸುವುದರಿಂದ ಅದಕ್ಕೆ ಪರಿಹಾರ ಸಿಗುವುದಿಲ್ಲ, ಆರಂಭದಲ್ಲಿ ಕ್ಲೇಮ್ ಹಾಕಲಾಗದ ಕಾಯುವ ಅವಧಿಯೂ ಇರುತ್ತದೆ. ಈ ನಷ್ಟವನ್ನು ನುಂಗಿಕೊಳ್ಳಬೇಕಾಗುತ್ತದೆ ಎಂದು ಹೇಳಲು ನನಗೆ ಸಂಕಟವಾಗುತ್ತದೆ.

ಉತ್ತರ 2:
ನಾನೂ ಬೆಕ್ಕನ್ನು ಎತ್ತಿಕೊಂಡು ಹೀಗೆಯೇ ಹೊರಬಂದವಳು. ಹೊಸ ಊರಿನಲ್ಲಿ ಅದಕ್ಕೆ ಚಿಕಿತ್ಸೆ ಕೊಡಿಸಿ ಹಳೆಯ ಪಾಲಿಸಿಯಲ್ಲೇ ಕ್ಲೇಮ್ ಹಾಕಿದೆ. ಪರಿಹಾರದ ಪತ್ರ ಆಸ್ಪತ್ರೆಯ ಹೆಸರು, ಬಡಾವಣೆ ಸಮೇತ ಹಳೆಯ ವಿಳಾಸಕ್ಕೆ ಹೋಯಿತು, ವಾರದೊಳಗೆ ಅವನು ಆ ಆಸ್ಪತ್ರೆಯ ಎದುರು ನಿಂತಿದ್ದ. ಹಣ ಹೋದರೂ ಚಿಂತೆಯಿಲ್ಲ, ಹೊರಟ ಮೇಲೆ ಆ ಪಾಲಿಸಿಯನ್ನು ಮುಟ್ಟದಿರಲು ಹೇಳಿ. ಲಸಿಕೆಯ ನೆನಪೋಲೆ ಯಾವ ಮೊಬೈಲಿಗೆ ಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಲಿ. ಹೊಡೆಯುವವನಿಂದ ಕಾಪಾಡಲು ನ್ಯಾಯಾಲಯ ಕೊಡುವ ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿಯನ್ನೂ ಸೇರಿಸಬಹುದೇ ಎಂದು ವಕೀಲರನ್ನು ಕೇಳಿ. ಅಮೆರಿಕದ ಮೈನ್ ರಾಜ್ಯ 2006ರಲ್ಲೇ ಅಂಥ ಕಾನೂನು ಮಾಡಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಾಯಿಯ ಚರ್ಮದಡಿ ಇರುವ ಗುರುತಿನ ಮೈಕ್ರೋಚಿಪ್ ಕೂಡ ಅವನ ಹೆಸರಿನಲ್ಲಿ ನೋಂದಣಿಯಾಗಿದೆ. ಹೊರಡುವ ಮೊದಲೇ ಬದಲಿಸಬೇಕೇ?

ಉತ್ತರ 2:
ಬೇಡ. ಬದಲಾವಣೆಯ ಸೂಚನೆ ಮೊದಲು ಅವನಿಗೇ ಹೋಗಬಹುದು. ಅವಳೂ ನಾಯಿಯೂ ಸುರಕ್ಷಿತ ಜಾಗ ತಲುಪಿದ ಮೇಲೆ ಪಶುವೈದ್ಯರ ರಸೀದಿಗಳನ್ನು ಮುಂದಿಟ್ಟು ಹೆಸರು ಬದಲಿಸುವಂತೆ ವಕೀಲರ ಮೂಲಕ ಕೇಳಲಿ.