ಮೂರನೇ ಕ್ಲಾಸಿನ ಮಗಳಿಗೆ ಈಗಲೇ ಬ್ರೈಲ್ ಬೇಕಾ? ಕನ್ನಡದಲ್ಲಿ ಆಗುತ್ತಾ?

ಬದಿಯಡ್ಕದ ಅಮ್ಮ
ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಮಗಳು ಕನ್ನಡ ಮೀಡಿಯಂ. ಸಂಜೆಯಾದರೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆಯೇ ನಡೆಯುತ್ತಿದ್ದಳು. "ಕಣ್ಣು ಎಲ್ಲಿಟ್ಟಿದ್ದೀ?" ಅಂತ ಎಷ್ಟು ಸಲ ಬೈದಿದ್ದೇನೋ. ಕಳೆದ ತಿಂಗಳು ಡಾಕ್ಟರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಹಗಲು ಪುಸ್ತಕ ಓದುತ್ತಾಳೆ, ಆದರೆ ಸಾಲು ತಪ್ಪುತ್ತದೆ. ಮುಂದೆ ಇನ್ನೂ ಕಡಿಮೆಯಾಗಬಹುದಂತೆ. ಒಂದು ಕಚೇರಿಯಲ್ಲಿ, "ಬ್ರೈಲ್ ಬೇಕಿದ್ದರೆ ಮಲಯಾಳಂ ಮೀಡಿಯಂಗೆ ಹಾಕಿ, ಕನ್ನಡದ್ದು ಬೇರೆಯೇ" ಎಂದರು. ಹೌದಾ? ಕಾಣುವ ಮಗುವಿಗೆ ಬ್ರೈಲ್ ಯಾಕೆ ಅಂತ ಅತ್ತೆಯ ಪ್ರಶ್ನೆ. ನನಗೂ ಉತ್ತರ ಗೊತ್ತಿಲ್ಲ.

ಉಪ್ಪಳ
ಪುಸ್ತಕವನ್ನು ಎ3 ಹಾಳೆಗೆ ದೊಡ್ಡದು ಮಾಡಿ ಜೆರಾಕ್ಸ್ ಮಾಡಿಸಿ ಅಕ್ಕ. ನಮ್ಮ ಅಣ್ಣನ ಮಗನಿಗೆ ಅದರಿಂದ ತುಂಬಾ ಉಪಕಾರ ಆಯ್ತು.

ಪೈವಳಿಕೆಯವ
ಅಕ್ಕ, ನನ್ನದೂ ಅದೇ ಕಾಯಿಲೆ. ಈಗ 36 ವರ್ಷ, ಬೆಳಕು ಯಾವ ಕಡೆ ಎಂದಷ್ಟೇ ಗೊತ್ತಾಗುತ್ತದೆ. ಫೋನ್ ಓದಿ ಹೇಳಿದ್ದು ಕೇಳಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಆ ಕಚೇರಿಯವರ ಮಾತು ಬಿಡಿ. ನಮ್ಮ ದೇಶದ ಭಾಷೆಗಳಿಗೆ 1951ರಿಂದ ಭಾರತಿ ಬ್ರೈಲ್ ಇದೆ. ಉಚ್ಚಾರ ಒಂದೇ ಇದ್ದರೆ ಚುಕ್ಕಿಯೂ ಹೆಚ್ಚುಕಡಿಮೆ ಒಂದೇ. ಬ್ರೈಲಿನಲ್ಲಿ ಒಂದು ಅಕ್ಷರಕ್ಕೆ ಆರು ಉಬ್ಬು ಚುಕ್ಕಿಗಳ ಜಾಗ. ಕನ್ನಡದ 'ಕ' ಅಂದರೆ ಅದರಲ್ಲಿ 1 ಮತ್ತು 3ನೇ ಚುಕ್ಕಿ, ಮಲಯಾಳಂ 'ಕ'ವೂ ಅದೇ. ನನಗೆ ಕಲಿಸಿದ ಟೀಚರಿಗೆ ಕನ್ನಡ ಅಕ್ಷರವೇ ಬರುತ್ತಿರಲಿಲ್ಲ! ಅರ್ಥ ಆಗದಿದ್ದರೂ ನನ್ನ ತಪ್ಪು ಅವರ ಬೆರಳಿಗೆ ಸಿಗುತ್ತಿತ್ತು. ಒತ್ತಕ್ಷರ ಕೆಳಗೆ ಬರುವುದಿಲ್ಲ. 'ಅಕ್ಕ' ಬರೆಯಲು ಮೊದಲು ಅ, ಆಮೇಲೆ ಒತ್ತಕ್ಷರದ ಗುರುತಾಗಿ 4ನೇ ಚುಕ್ಕಿ, ಆಮೇಲೆ ಕ, ಕ.

ಜೆರಾಕ್ಸ್ ವಿಷಯ: ಉಪ್ಪಳದವರು ಬೇಜಾರು ಮಾಡಬೇಡಿ, ಈ ಕಾಯಿಲೆಗೆ ಅದು ಉಲ್ಟಾ ಆಗಬಹುದು. ಪಪ್ಪಾಯಿ ದಂಟಿನ ತೂತಿನಿಂದ ನೋಡಿದ ಹಾಗೆ ಕಾಣುವುದು. ಅಕ್ಷರ ದೊಡ್ಡದಾದಷ್ಟೂ ಆ ತೂತಿನೊಳಗೆ ಹಿಡಿಸುವುದು ಕಡಿಮೆ. ಸಾಲು ತಪ್ಪುವುದೂ ಅದಕ್ಕೇ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಟಕಿ ಕತ್ತರಿಸಿ ಪುಟದ ಮೇಲೆ ಇಡಿ, ಬೆಳಕು ಬೆನ್ನ ಹಿಂದಿನಿಂದ ಬರಲಿ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋಗುವಾಗ ಫೀಲ್ಡ್ ಟೆಸ್ಟ್ (ನೋಟದ ಅಗಲ ಅಳೆಯುವ ಪರೀಕ್ಷೆ) ರಿಪೋರ್ಟ್ ಮರೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ಅಗಲಕ್ಕೂ ಲೆಕ್ಕ ಇದೆ. 40 ಡಿಗ್ರಿಗಿಂತ ಕಡಿಮೆಯಾದರೆ ಅದು ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ.

ಈಗಲೇ ಯಾಕೆ ಅಂದರೆ, ನಾನು ಹತ್ತನೇ ಕ್ಲಾಸ್ ಮುಗಿಸಿ ಶುರು ಮಾಡಿದವನು. ಅಲ್ಲಿಯವರೆಗೆ ಕಾಣುವ ಹಾಗೆ ನಟಿಸಿದ್ದೇ ಬಂತು. ಬೋರ್ಡಿನದ್ದು ಪಕ್ಕದವನ ಪುಸ್ತಕದಿಂದ ಇಳಿಸುವುದು, ಕತ್ತಲಾಗುವ ಮೊದಲು ಏನೋ ನೆಪ ಹೇಳಿ ಮನೆಗೆ ಓಡುವುದು. ನನ್ನ ಬೆರಳು ಇವತ್ತಿಗೂ ನಿಧಾನ. ಎಂಟು ವರ್ಷದವಳಿಗೆ ಅದು ಆಟ. ಕಣ್ಣಲ್ಲಿ ಓದುವುದನ್ನು ಬಿಡಿಸಬೇಡಿ, ಎರಡೂ ಇರಲಿ. ವಿದ್ಯಾನಗರದ ಸರ್ಕಾರಿ ಅಂಧ ಶಾಲೆಗೆ ಒಮ್ಮೆ ಹೋಗಿ ಮಾತಾಡಿ. ಬಿಆರ್‌ಸಿಯಲ್ಲೂ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸ್ಪೆಷಲ್ ಟೀಚರನ್ನು ಕೇಳಿ.

ಉಪ್ಪಳ
ಬೇಜಾರು ಎಂಥದ್ದು, ಗೊತ್ತಿರಲಿಲ್ಲ ಅಷ್ಟೆ. ಆದರೆ ಫೋನೇ ಓದಿ ಹೇಳುತ್ತಲ್ವಾ ಈಗ?

ಪೈವಳಿಕೆಯವ
ಹೇಳುತ್ತದೆ. ಆದರೆ ಬರೀ ಕೇಳಿ ಕಲಿತರೆ 'ಶ' ಯಾವುದು, 'ಷ' ಯಾವುದು ಅಂತ ಗೊತ್ತಾಗುವುದು ಯಾವಾಗ?

ಬದಿಯಡ್ಕದ ಅಮ್ಮ
ಅಣ್ಣ, ರಟ್ಟು ಕತ್ತರಿಸಿದೆ. ಒತ್ತಕ್ಷರಗಳು ಅರ್ಧ ಮುಚ್ಚಿಹೋಗುತ್ತವೆ ಅಂತಾಳೆ.

ಪೈವಳಿಕೆಯವ
ಕಿಟಕಿ ಕೆಳಗಡೆ ಸ್ವಲ್ಪ ಅಗಲ ಮಾಡಿ. ಇಂಗ್ಲಿಷ್ ಪುಸ್ತಕಕ್ಕೆ ಬೇರೆಯೇ ಒಂದು ರಟ್ಟು ಇರಲಿ.