ಟಾಸ್ಕ್‌ವಾರಿಯರ್: ತಿಂಗಳಾ ಬರೋ ಕೆಲಸ ಪಟ್ಟಿ ತುಂಬಾಕತ್ತಾವು, ಏನ್ ಮಾಡೂದು?

ಲೆಕ್ಕದಪುಸ್ತಕ_ವಿಜಯಪುರ
ಟಾಸ್ಕ್‌ವಾರಿಯರ್ 3 (ಆಜ್ಞೆ ಟೈಪ್ ಮಾಡಿ ಕೆಲಸದ ಪಟ್ಟಿ ಇಡೋ ತಂತ್ರಾಂಶ), ಲಿನಕ್ಸ್ ಟರ್ಮಿನಲ್. ಅಂಗಡಿಗಳ ಜಿಎಸ್‌ಟಿ ರಿಟರ್ನಿಗೆ ರಿಕರ್:ಮಂತ್ಲಿ (ತಿಂಗಳಾ ಮತ್ತ ಹುಟ್ಟೂದು) ಕೊಟ್ಟದ: 11ಕ್ಕ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕ 3ಬಿ (ತೆರಿಗೆಯ ಸಾರಾಂಶ). ಮುಂದಿನ ತಿಂಗಳದ್ದೂ ಈಗೇ ಪಟ್ಟ್ಯಾಗ ಕಾಣತದ. ಬಾಕಿ ಉಳದದ್ದು ಎರಡೆರಡು ಸಲ ಬರತದ. ಡನ್ (ಕೆಲಸ ಮುಗೀತು) ಕೊಟ್ಟ ಮ್ಯಾಲ ಕೆಲಸದ ನಂಬರೂ ಬದಲಾಗತಾವ. ಇದಕ್ಕ ದಾರಿ ಏನ್ರಿ?

ಉದ್ಯಮಬಾಗ್
ರಿಕರ್ ಲೆಕ್ಕ ಹಿಡಿಯೂದು ಕ್ಯಾಲೆಂಡರಿನ ಮ್ಯಾಲರಿ, ನೀವು ಕೆಲಸ ಮುಗಿಸಿದ ದಿನದ ಮ್ಯಾಲ ಅಲ್ಲ. ಹೋದ ತಿಂಗಳ 3ಬಿ ಬಾಕಿ ಇದ್ದರೂ ಈ ತಿಂಗಳದ್ದು ಬ್ಯಾರೆ ಹುಟ್ಟತೈತಿ. ರಿಟರ್ನಿಗೆ ಹಂಗ ಇರೂದ ಸರಿ, ಎರಡೂ ಖರೇನ ಬಾಕಿ. ಮುಂದಿನದೊಂದು ಮೊದಲೇ ಕಾಣೂದು ರಿಕರೆನ್ಸ್.ಲಿಮಿಟ್ (ಮುಂದಿನವು ಎಷ್ಟು ಮೊದಲೇ ಹುಟ್ಟಬೇಕು ಅನ್ನೋ ಸೆಟ್ಟಿಂಗ್) 1 ಇರೂದರಿಂದ. ಅದನ್ನ ಮುಟ್ಟಬ್ಯಾಡ್ರಿ, ವೇಟ್ (ಹೇಳಿದ ದಿನದ ತನಕ ಅಡಗಿಸೂದು) ಹಚ್ಚರಿ:

ಟಾಸ್ಕ್ ಆ್ಯಡ್ 3ಬಿ ಸಲ್ಲಿಕೆ ಪ್ರಾಜೆಕ್ಟ್:ಜಿಎಸ್‌ಟಿ ಡ್ಯೂ:20ತ್ ರಿಕರ್:ಮಂತ್ಲಿ ವೇಟ್:ಡ್ಯೂ-5ಡಿ

ಡ್ಯೂ (ಕಡೇ ದಿನ) ಮೊದಲು, ವೇಟ್ ಆಮ್ಯಾಲ ಬರೀರಿ. ವೇಟ್ ಲೆಕ್ಕಕ್ಕ ಡ್ಯೂ ದಿನಾಂಕ ಬೇಕಲ್ಲ. ಕೋಲನ್ ಎರಡೂ ಬಾಜೂ ಜಾಗ ಬಿಡಬ್ಯಾಡ್ರಿ. ಆ ಐದು ದಿನದ ಅಂತರ ಪ್ರತಿ ತಿಂಗಳ ಪ್ರತಿಗೂ ತಾನಾಗಿ ಹೋಗತೈತಿ, 15ರ ತನಕ ಪಟ್ಟ್ಯಾಗ ಕಾಣಂಗಿಲ್ಲ. ಅಡಗಿದ್ದನ್ನ ನೋಡಾಕ ಟಾಸ್ಕ್ ವೇಟಿಂಗ್. ರಿಟರ್ನಿಗೆ ಅಂಟಿಲ್ (ಕೆಲಸದ ಅವಧಿ ಮುಗಿಯೋ ದಿನ) ಮಾತ್ರ ಕೊಡಬ್ಯಾಡ್ರಿ. ಆ ದಿನ ದಾಟಿದರ ಸಲ್ಲಿಸದ ಕೆಲಸಾನೂ ಅಳಿಸಿ ಹೋಗತೈತಿ.

ಆದರ ಎಲ್ಲಾ ಕೆಲಸಕ್ಕೂ ರಿಕರ್ ಒಗ್ಗಂಗಿಲ್ಲ, ಉದಾಹರಣೆಗೆ ದ್ರಾಕ್ಷಿ ತೋಟದ ಡ್ರಿಪ್ ಫಿಲ್ಟರ್ ತೊಳಿಯೂದು. ಅದು ಹಿಂದ ತೊಳೆದ ದಿನದಿಂದ ಎಣಿಸೋ ಕೆಲಸ. ಡನ್ ಕೊಟ್ಟು, ವೇಟ್:10ಡಿ ಹಾಕಿ ಹೊಸದಾಗಿ ಸೇರಿಸರಿ.

ನವನಗರ_ಬಾಗಲಕೋಟೆ
ನಂಬರ್ ವಿಚಾರ: ಡನ್ ಕೊಟ್ಟ ಕೂಡಲೇ ಏನೂ ಬದಲಾಗಂಗಿಲ್ಲ. ಮುಂದಿನ ಸಲ ಪಟ್ಟಿ ತಗದಾಗ ಮುಗದದ್ದು ಸರದು ನಂಬರ್ ಹೊಸದಾಗಿ ಬೀಳತಾವು. ಹಳೇ ಪಟ್ಟಿ ಪರದೆ ಮ್ಯಾಲ ಇಟಗೊಂಡು ನಡುವ ಇನ್ನೊಂದು ಕಿಟಕ್ಯಾಗ ಪಟ್ಟಿ ತಗದರ ತಪ್ಪು ಕೆಲಸಕ್ಕ ಡನ್ ಬೀಳತೈತಿ. ಒಂದ ಸಾಲಿನಾಗ ಕೊಡ್ರಿ: ಟಾಸ್ಕ್ 3,5,8 ಡನ್. ಸ್ಕ್ರಿಪ್ಟಿನಾಗ ಯುಯುಐಡಿಯ (ಪ್ರತಿ ಕೆಲಸಕ್ಕ ಇರೋ ಕಾಯಂ ಗುರುತು) ಮೊದಲ 8 ಅಕ್ಷರ ಬಳಸರಿ, ಅದು ಬದಲಾಗಂಗಿಲ್ಲ. ತಪ್ಪಿದರ ತಕ್ಷಣ ಟಾಸ್ಕ್ ಅನ್‌ಡೂ.

ಇನ್ನೊಂದು ಮಾತ, ಇದು ಭಾಳ ಮುಖ್ಯ. ಎಲ್ಲಾ ಕೆಲಸಕ್ಕೂ ಸುಳ್ಳ ಡ್ಯೂ ಹಾಕಬ್ಯಾಡ್ರಿ. ಪಟ್ಟ್ಯಾಗ ಯಾವದು ಮ್ಯಾಲ ಅಂತ ನಿರ್ಧರಿಸೋ ತುರ್ತು ಅಂಕದಾಗ ಡ್ಯೂಗೆ 12ರ ತನಕ ತೂಕ ಐತಿ. ಎರಡು ತಿಂಗಳ ಆಚೆ ದಿನಾಂಕ ಇದ್ದರೂ 2.4 ಸಿಗತೈತಿ, ಕಡೇ ದಿನಕ್ಕ ಸುಮಾರು 8.8, ಏಳು ದಿನ ದಾಟಿದರ ಪೂರ್ತಿ 12. ಅಂದರ ವಾರ ದಾಟಿದ ಸುಳ್ಳ ಗಡುವು ಇವತ್ತ ಸಲ್ಲಿಸಬೇಕಾದ 3ಬಿಗಿಂತ ಮ್ಯಾಲ ಕುಂದರತೈತಿ. ಗಡುವು ಇಲ್ಲದ ಕೆಲಸಕ್ಕ ಪ್ರಯಾರಿಟಿ:ಎಚ್ (ಹೆಚ್ಚಿನ ಆದ್ಯತೆ) ಸಾಕು, ಅದಕ್ಕ 6. ಇವತ್ತ ಆಗಲೇಬೇಕು ಅನ್ನೂದಕ್ಕ +ನೆಕ್ಸ್ಟ್ ಟ್ಯಾಗ್, ಅದಕ್ಕ 15.

ಲೆಕ್ಕದಪುಸ್ತಕ_ವಿಜಯಪುರ
ಈಗಾಗಲೇ ಇರೋ ಮಂತ್ಲಿ ಕೆಲಸಕ್ಕ ವೇಟ್ ಹಚ್ಚಬಹುದೇನ್ರಿ?

ಉದ್ಯಮಬಾಗ್
ಅಳಿಸಿ ಹೊಸದಾಗಿ ಬರಿಯೂದ ಚಲೋ. ಡಿಲೀಟ್ ಕೊಟ್ಟಾಗ ಇದರ ಉಳಿದ ಪ್ರತಿಗಳನ್ನೂ ಅಳಿಸಬೇಕೇನು ಅಂತ ಕೇಳತೈತಿ, ಯೆಸ್ ಅನ್ನರಿ. ನೋ ಅಂದರ ಮೂಲ ಉಳಕೊಂಡು ಮತ್ತ ಹುಟ್ಟಸತೈತಿ. ಖರೇ ಬಾಕಿ ಇರೋ ಹಳೇ ತಿಂಗಳದ್ದನ್ನ ಮೊದಲ ಸಾದಾ ಕೆಲಸ ಅಂತ ಬ್ಯಾರೆ ಬರಕೊಳ್ರಿ. ಇಷ್ಟಕ್ಕೂ ಮುಂಚೆ ಟಾಸ್ಕ್ ಎಕ್ಸ್‌ಪೋರ್ಟ್ ಔಟ್‌ಪುಟ್ ಒಂದು ಫೈಲಿಗೆ ತಗದಿಡ್ರಿ. ಆವೃತ್ತಿ 3ರಾಗ ಎಲ್ಲಾ ಒಂದ ಎಸ್‌ಕ್ಯೂಲೈಟ್ (ಡೇಟಾಬೇಸ್) ಫೈಲಿನಾಗ ಇರತೈತಿ, 2ರಂಗ ಪಠ್ಯ ಫೈಲ್ ತಗದು ಕೈಲೇ ತಿದ್ದಾಕ ಬರಂಗಿಲ್ಲ.